ಟೈಟಲ್ ಒಡೆಯದೆ ಎಕ್ಸ್‌ಪೋರ್ಟ್ ಆಗಬೇಕು: ಯಾವ ಸಾಫ್ಟ್‌ವೇರ್ ಯಾರಿಗೆ?

ಈ ಸಲ ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಒಂದೇ ಪ್ರಶ್ನೆ ಮೂರು ಬಾಯಲ್ಲಿ ಬಂತು. ಸಿಂಧನೂರಿನಲ್ಲಿ ಹೊಸದಾಗಿ ಮಿಕ್ಸಿಂಗ್ (ಮದುವೆ ವಿಡಿಯೊ ಎಡಿಟಿಂಗ್) ಶುರು ಮಾಡಿರುವ ಹುಡುಗ ಫೋನ್ ಮಾಡಿ, “ಅಣ್ಣಾ, ಪ್ರೀಮಿಯರ್‌ಗೆ ತಿಂಗಳಾ ರೊಕ್ಕ ಕಟ್ಟಬೇಕಾ, ಡಾವಿಂಚಿ ಸಾಕಾಗ್ತದಾ?” ಎಂದ. ಎರಡೂ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರುಗಳು. ಸಿರುಗುಪ್ಪದ ಹಿರಿಯ ಸ್ಟುಡಿಯೋದವರು, ಹದಿನೈದು ವರ್ಷ ಎಡಿಯಸ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲೇ ಕೈ ಪಳಗಿಸಿದವರು, “ಇನ್ನ ಇದನ್ನ ಬಿಡಬೇಕಂತೀರೇನು?” ಎಂದು ಕೇಳಿದರು. ಕುಷ್ಟಗಿ ಕಡೆಯ ಮೇಷ್ಟ್ರಿಗೆ ಶಾಲೆಯ ವಾರ್ಷಿಕೋತ್ಸವದ ವಿಡಿಯೊ ಮಾಡಬೇಕಿತ್ತು. “ಖರ್ಚಿಲ್ಲದ್ದು ಯಾವುದೈತಿ ಅಷ್ಟು ಹೇಳ್ರಿ” ಎಂದರು.

ಮೂವರ ದೂರು ಮಾತ್ರ ಒಂದೇ. ಎಡಿಟ್ ಮಾಡುವಾಗ ಚಂದ ಕಂಡ ಟೈಟಲ್, ಅಂದರೆ ವಿಡಿಯೊ ಮೇಲೆ ಬರೆದ ಹೆಸರು, ಎಕ್ಸ್‌ಪೋರ್ಟ್ ಆಗಿ ಫೈಲಾಗಿ ಹೊರಬಂದಾಗ ಮಸುಕಾಗಿರುತ್ತದೆ, ಇಲ್ಲವೇ ಒತ್ತಕ್ಷರ ಕಿತ್ತುಕೊಂಡು ಪಕ್ಕಕ್ಕೆ ನಿಂತಿರುತ್ತದೆ.

ನನಗೂ ಆಗಿದೆ. ಗಂಗಾವತಿಯ ನನ್ನ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಹಾಕಿ ಮಾಡಿದ ಮದುವೆ ಪ್ರಾಜೆಕ್ಟ್ ಅದು. ರಾತ್ರಿ ಕರೆಂಟ್ ಹೋಯಿತು. ಹಾರ್ಡ್‌ಡಿಸ್ಕ್ ಎತ್ತಿಕೊಂಡು ಗೆಳೆಯನ ಅಂಗಡಿಗೆ ಹೋಗಿ ಅಲ್ಲಿಂದ ಎಕ್ಸ್‌ಪೋರ್ಟ್ ಹೊಡೆದೆ. ಬೆಳಿಗ್ಗೆ ಪಾರ್ಟಿಯವರು (ಕೆಲಸ ಕೊಟ್ಟ ಮದುವೆ ಮನೆಯವರು) ಪೆನ್‌ಡ್ರೈವ್ ಟಿವಿಗೆ ಹಾಕಿದರೆ ಮದುಮಗನ ಹೆಸರಿನ ಜಾಗದಲ್ಲಿ ತಲೆ ಮೇಲೆ ಚುಕ್ಕೆ, ಕೊಂಬು, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಗೆಳೆಯನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ಅವಸರದಲ್ಲಿ ನಾನು ನೋಡಲೂ ಇಲ್ಲ. ಸಾಫ್ಟ್‌ವೇರನ್ನು ಎಫೆಕ್ಟ್ ನೋಡಿ ಆರಿಸುವ ಚಟ ಅವತ್ತು ಬಿಟ್ಟೆ. ಈಗ ಮೊದಲು ನೋಡುವುದು, ನಾನು ಟೈಪ್ ಮಾಡಿದ ಕನ್ನಡ ಪಿಕ್ಸೆಲ್ ಆಗುವ ದಾರಿಯಲ್ಲಿ ಎಲ್ಲೆಲ್ಲಿ ಎಡವುತ್ತದೆ ಎನ್ನುವುದನ್ನು.

ಮೊದಲು ಒರೆಗಲ್ಲು

ಟೈಟಲ್ ಎನ್ನುವುದು ಟೈಮ್‌ಲೈನಿನಲ್ಲಿ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಇರುವವರೆಗೆ ಚಿತ್ರವಲ್ಲ, ಒಂದು ಸೂಚನೆ: ಈ ಅಕ್ಷರ, ಈ ಫಾಂಟ್, ಈ ಅಳತೆ, ಈ ಜಾಗ. ಎಕ್ಸ್‌ಪೋರ್ಟ್ ಒತ್ತಿದಾಗ ಸಾಫ್ಟ್‌ವೇರ್ ಆ ಸೂಚನೆಯನ್ನು ಫ್ರೇಮ್ ಫ್ರೇಮಿಗೂ ಚಿತ್ರವಾಗಿ ಬಿಡಿಸಿ, ಕೆಳಗಿನ ವಿಡಿಯೊ ಮೇಲೆ ಕೂರಿಸಿ, ಆಮೇಲೆ ಕಂಪ್ರೆಸ್ ಮಾಡುತ್ತದೆ. ಎಡಿಟ್ ಮಾಡುವಾಗ ನಾವು ನೋಡುವ ಪ್ರಿವ್ಯೂ ಬೇರೆಯೇ ಲೆಕ್ಕ. ಅದು ಅರ್ಧ ಅಥವಾ ಕಾಲು ರೆಸಲ್ಯೂಷನ್ನಿನಲ್ಲಿ ಓಡುತ್ತಿರಬಹುದು, ಕಂಪ್ರೆಷನ್ನಂತೂ ಇನ್ನೂ ತಾಗಿರುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ಅಕ್ಷರ ಜೋಡಣೆ. ಯೂನಿಕೋಡ್ ಕನ್ನಡದಲ್ಲಿ (ಮೊಬೈಲಿನಲ್ಲಿ, ವಾಟ್ಸಾಪಿನಲ್ಲಿ ನಾವು ಬರೆಯುವ ಕನ್ನಡ) ‘ಯಲಬುರ್ಗಾ’ ಎಂದು ಬರೆಯುವಾಗ ರ ಮೊದಲು ಒತ್ತುತ್ತೇವೆ, ಗ ಆಮೇಲೆ. ಆದರೆ ಪರದೆಯ ಮೇಲೆ ಅರ್ಕಾವತ್ತು ಗಾ ಆದಮೇಲೆ ಬರಬೇಕು. ಈ ಅದಲುಬದಲನ್ನು ಮಾಡುವುದು ಸಾಫ್ಟ್‌ವೇರಿನೊಳಗಿನ ಟೆಕ್ಸ್ಟ್ ಎಂಜಿನ್. ಇಂಗ್ಲಿಷಿಗೆ ಮಾತ್ರ ತಯಾರಾದ ಎಂಜಿನ್ನಿಗೆ ಇದು ಗೊತ್ತಿರುವುದಿಲ್ಲ. ನನ್ನ ಪರೀಕ್ಷೆಯ ಸಾಲು ಇದು: ಯಲಬುರ್ಗಾ, ಕುಷ್ಟಗಿ, ಸಿರುಗುಪ್ಪ, ರಾಷ್ಟ್ರ, ಸ್ತ್ರೀ, ಜ್ಞಾನ, ಲಕ್ಷ್ಮೀ, ಮಲ್ಲಿಕಾರ್ಜುನ. ಇಷ್ಟನ್ನು ಸರಿಯಾಗಿ ಬಿಡಿಸಿದರೆ ನಮ್ಮ ಕಡೆಯ ಲಗ್ನಪತ್ರಿಕೆಯ ಯಾವ ಹೆಸರಿಗೂ ಹೆದರಬೇಕಿಲ್ಲ. ಬಳ್ಳಾರಿ, ರಾಯಚೂರಿನವರು ಇದಕ್ಕೆ ಒಂದು ಸಾಲು ತೆಲುಗು ಸೇರಿಸಿಕೊಳ್ಳಿ. ಬೀಗರು ಆ ಕಡೆಯವರಾದರೆ ಹೆಸರು ಎರಡು ಲಿಪಿಯಲ್ಲಿ ಕೇಳುತ್ತಾರೆ. ಉರ್ದು ಬೇಕಾದಾಗ ಬಲದಿಂದ ಎಡಕ್ಕೆ ಬರೆಯುವ ಕಷ್ಟವೂ ಕೂಡಿಕೊಳ್ಳುತ್ತದೆ.

ಎರಡನೆಯದು, ಟೈಟಲನ್ನು ಹಿಗ್ಗಿಸಿದರೆ ಅಕ್ಷರವನ್ನು ಹೊಸದಾಗಿ ಬಿಡಿಸುತ್ತದೆಯೇ, ಇಲ್ಲ ಆಗಲೇ ಬಿಡಿಸಿದ ಚಿತ್ರವನ್ನು ಎಳೆದು ದೊಡ್ಡದು ಮಾಡುತ್ತದೆಯೇ? 1080ರ (1920×1080 ಪಿಕ್ಸೆಲ್) ಟೈಮ್‌ಲೈನನ್ನು 4ಕೆ (3840×2160) ಎಂದು ಎಕ್ಸ್‌ಪೋರ್ಟ್ ಹೊಡೆದಾಗ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಮೂರನೆಯದು ಹಳೆಯ ಪ್ರಿವ್ಯೂ ಫೈಲುಗಳ ಹಾವಳಿ. ಅದನ್ನು ಪ್ರೀಮಿಯರ್ ಬಂದಾಗ ಹೇಳುತ್ತೇನೆ. ಇನ್ನುಳಿದದ್ದು ಹೊತ್ತು ಮತ್ತು ರೊಕ್ಕ. ಶಕ್ತಿನಗರದಲ್ಲಿ ಕರೆಂಟ್ ಹುಟ್ಟುತ್ತದೆ, ಕುಡಿತಿನಿಯಲ್ಲೂ ಹುಟ್ಟುತ್ತದೆ, ಆದರೂ ಏಪ್ರಿಲ್ ಮಧ್ಯಾಹ್ನ ಎರಡು ತಾಸಿನ ಎಕ್ಸ್‌ಪೋರ್ಟ್ ಹಾಕಿ ಊಟಕ್ಕೆ ಹೋಗುವ ಧೈರ್ಯ ನನಗಿಲ್ಲ. ಬೇಗ ಮುಗಿಸುವ ಸಾಫ್ಟ್‌ವೇರಿಗೆ ನಮ್ಮಲ್ಲಿ ಒಂದು ಅಂಕ ಹೆಚ್ಚು.

ಎಡಿಯಸ್ ಮತ್ತು ನುಡಿ: ಹಳೆಯ ಜೋಡಿ

ಗ್ರಾಸ್ ವ್ಯಾಲಿಯ ಎಡಿಯಸ್ ನಮ್ಮ ಸ್ಟುಡಿಯೋಗಳಲ್ಲಿ ಬೇರು ಬಿಟ್ಟದ್ದಕ್ಕೆ ಕಾರಣವಿದೆ. ಸಾಧಾರಣ ಕಂಪ್ಯೂಟರಿನಲ್ಲೂ ನಾಲ್ಕು ಕ್ಯಾಮೆರಾದ ಫೂಟೇಜ್ ತಡವರಿಸದೆ ಓಡುತ್ತದೆ, ರೆಡಿಮೇಡ್ ಮದುವೆ ಪ್ರಾಜೆಕ್ಟುಗಳು ಬೇಕಾದಷ್ಟು ಸಿಗುತ್ತವೆ, ಒಮ್ಮೆ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಟೈಟಲಿಗೆ ಅದರೊಳಗೆ ಕ್ವಿಕ್ ಟೈಟ್ಲರ್ ಇದೆ.

ಇದರ ಜೊತೆ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟ್ ಬಳಸುವವರೇ ಹೆಚ್ಚು. ಅದು ಬರೀ ರೂಢಿಯಲ್ಲ, ಅದರಲ್ಲಿ ಜಾಣತನವೂ ಇದೆ. ಆ ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿರುತ್ತಾರೆ. ಒತ್ತು ಒಂದು ‘ಅಕ್ಷರ’, ಅರ್ಕಾವತ್ತು ಇನ್ನೊಂದು. ಸಾಫ್ಟ್‌ವೇರ್ ತನಗೆ ಬಂದದ್ದು ಇಂಗ್ಲಿಷೆಂದೇ ತಿಳಿದು ಸಾಲಾಗಿ ಇಡುತ್ತಾ ಹೋಗುತ್ತದೆ, ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ. ಜೋಡಣೆ ಗೊತ್ತಿಲ್ಲದ ಎಂಜಿನ್ನಿನಲ್ಲೂ ‘ಮಲ್ಲಿಕಾರ್ಜುನ’ ಮುರಿಯುವುದಿಲ್ಲ. ಯಾವ ಟೈಟ್ಲರ್‌ನಲ್ಲಾದರೂ ನಡೆಯುವ ನಾಣ್ಯ ಇದು.

ಕಂತೆ ಬಿಚ್ಚುವುದು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ. ನನ್ನ ಕಥೆ ಆಗಲೇ ಹೇಳಿದೆ. ಪಾರ್ಟಿಯವರು ವಾಟ್ಸಾಪಿನಲ್ಲಿ ಕಳಿಸುವ ಹೆಸರುಗಳು ಯೂನಿಕೋಡ್ ಆಗಿರುವುದರಿಂದ ಅವನ್ನು ಪರಿವರ್ತಕಕ್ಕೆ ಹಾಕಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕು. ಸುಖ ಕೋರುವ ಬಂಧು ಬಳಗದ ಐವತ್ತು ಹೆಸರು ಮತ್ತೆ ಟೈಪ್ ಮಾಡಿದರೆ ಐದು ತಪ್ಪು ಗ್ಯಾರಂಟಿ, ಆ ಐದರಲ್ಲಿ ಒಂದು ಹುಡುಗನ ಸೋದರಮಾವನದೇ ಆಗಿರುತ್ತದೆ.

ಎಡಿಯಸ್‌ನಿಂದ ಗ್ರಾಫಿಕ್ಸ್ ಮಾತ್ರ ಹೊರತೆಗೆದು ಇನ್ನೊಂದು ಕಡೆ ಬಳಸುವುದಿದ್ದರೆ ಅದರದೇ ಎಚ್‌ಕ್ಯೂಎಕ್ಸ್ ಕೊಡೆಕ್ (ವಿಡಿಯೊವನ್ನು ಕಂಪ್ರೆಸ್ ಮಾಡುವ ಕ್ರಮ) ಆಲ್ಫಾ ಚಾನೆಲ್ ಹೊರುತ್ತದೆ, ಅಂದರೆ ಅಕ್ಷರದ ಹಿಂದಿನ ಜಾಗ ಪಾರದರ್ಶಕವಾಗಿಯೇ ಉಳಿಯುತ್ತದೆ. ನಾವು ಸಾಮಾನ್ಯವಾಗಿ ಕೊಡುವ ಎಚ್.264 ಎಂಪಿ4ನಲ್ಲಿ ಇದು ಆಗುವುದಿಲ್ಲ, ಹಿಂದೆ ಕಪ್ಪು ಬಂದುಬಿಡುತ್ತದೆ.

ಪ್ರೀಮಿಯರ್: ದುಬಾರಿ, ಆದರೆ ಕನ್ನಡ ಬರುತ್ತದೆ, ಕೇಳಿದರೆ

ಅಡೋಬಿ ಪ್ರೀಮಿಯರ್ ಪ್ರೋ ಹಾಕಿದ ದಿನವೇ ಕನ್ನಡ ಟೈಪ್ ಮಾಡಿ, ಒತ್ತು ಒಡೆದದ್ದು ನೋಡಿ ಬೈದು ಬಿಟ್ಟವರು ಹಲವರಿದ್ದಾರೆ. ಬೈಗುಳ ಅವಸರದ್ದು. ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಆರಿಸುವ ಜಾಗವಿದೆ. ಅದು ‘ಯುರೋಪಿಯನ್ ಅಂಡ್ ಈಸ್ಟ್ ಏಷ್ಯನ್’ ಮೇಲೆ ನಿಂತಿದ್ದರೆ ‘ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್’ ಮಾಡಿ, ಹೊಸ ಟೈಟಲ್ ಹಾಕಿ ನೋಡಿ. ಯೂನಿಕೋಡ್ ಫಾಂಟ್ ಇದ್ದರೆ ಸಾಕು: ನೋಟೋ, ಬಾಲೂ ತಮ್ಮ, ಅನೆಕ್, ಇಲ್ಲವೇ ವಿಂಡೋಸ್ ಜೊತೆಗೇ ಬರುವ ನಿರ್ಮಲಾ. ಕನ್ನಡ ಕೂಡಿಕೊಳ್ಳುತ್ತದೆ, ತೆಲುಗು ಕೂಡಿಕೊಳ್ಳುತ್ತದೆ, ಉರ್ದುವಿಗೂ ಇದೇ ಎಂಜಿನ್. ಮೂರು ಲಿಪಿಯ ಕೆಲಸ ಬರುವ ರಾಯಚೂರಿನ ಸ್ಟುಡಿಯೋಗೆ ರೊಕ್ಕ ಕಟ್ಟಲು ಇದೊಂದೇ ಕಾರಣ ಸಾಕೆಂದು ನನ್ನ ಎಣಿಕೆ.

ಹಿಗ್ಗಿಸುವ ವಿಷಯದಲ್ಲಿ ಇಲ್ಲೊಂದು ಒಳಗುಟ್ಟಿದೆ. ಗ್ರಾಫಿಕ್ಸ್ ಕ್ಲಿಪ್ಪಿಗೆ ಎಫೆಕ್ಟ್ ಕಂಟ್ರೋಲಿನಲ್ಲಿ ‘ಮೋಷನ್’ ಮತ್ತು ‘ವೆಕ್ಟರ್ ಮೋಷನ್’ ಎಂದು ಎರಡು ಇರುತ್ತವೆ. ಮೊದಲನೆಯದರಲ್ಲಿ ಸ್ಕೇಲ್ ಹೆಚ್ಚಿಸಿದರೆ ಚಿತ್ರವನ್ನು ಎಳೆಯುತ್ತದೆ, ಅಂಚು ಮೆತ್ತಗಾಗುತ್ತದೆ. ಎರಡನೆಯದರಲ್ಲಿ ಅಕ್ಷರವನ್ನೇ ಹೊಸದಾಗಿ ಬಿಡಿಸುತ್ತದೆ, ಅಂಚು ಚೂಪಾಗಿ ಉಳಿಯುತ್ತದೆ. ಮದುಮಕ್ಕಳ ಹೆಸರು ದೂರದಿಂದ ಝೂಮ್ ಆಗಿ ಬರುವ ಶೋಕಿ ಇದ್ದರೆ ಎರಡನೆಯದನ್ನೇ ಹಿಡಿಯಿರಿ.

ಪ್ರಿವ್ಯೂ ಫೈಲಿನ ಮಾತು ಇಲ್ಲಿ ಬಂತು. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ‘ಯೂಸ್ ಪ್ರಿವ್ಯೂಸ್’ ಎಂದು ಒಂದು ಗುರುತು ಇದೆ. ಅದನ್ನು ಹಾಕಿದರೆ ಎಡಿಟ್ ಮಾಡುವಾಗ ರೆಂಡರ್ ಆದ ತುಂಡುಗಳನ್ನೇ ಎತ್ತಿಕೊಂಡು ಬೇಗ ಮುಗಿಸುತ್ತದೆ. ಆದರೆ ಆ ತುಂಡುಗಳು ಕಡಿಮೆ ಗುಣಮಟ್ಟದ ಎಂಪಿಇಜಿಯಲ್ಲಿ ಇದ್ದರೆ ನಿಮ್ಮ ಟೈಟಲ್ ಎರಡು ಸಲ ಕಂಪ್ರೆಸ್ ಆದಂತೆ. ತೊಳೆದ ಅಕ್ಕಿಯನ್ನು ಕುದಿಸಿ, ಬಸಿದು, ಮತ್ತೆ ಕುದಿಸಿದರೆ ಗಂಗಾವತಿಯ ಸೋನಾಮಸೂರಿಯೂ ಗಂಜಿಯಾಗುತ್ತದೆ. ಆ ಗುರುತು ಬೇಕೇ ಬೇಕು ಎನ್ನುವವರು ಸೀಕ್ವೆನ್ಸ್ ಸೆಟ್ಟಿಂಗಿನಲ್ಲಿ ಪ್ರಿವ್ಯೂ ಕೊಡೆಕನ್ನು ಹೆಚ್ಚು ಗುಣಮಟ್ಟದ ಪ್ರೋರೆಸ್‌ಗೆ ಬದಲಿಸಿಕೊಳ್ಳಿ. ಡಿಸ್ಕ್ ಜಾಗ ಹೆಚ್ಚು ತಿನ್ನುತ್ತದೆ, ಅಷ್ಟೇ.

ಪ್ರೀಮಿಯರ್ ಜೊತೆ ಬರುವ, ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಷನ್ ಸಾಫ್ಟ್‌ವೇರಿನಲ್ಲಿ ತಯಾರಾದ ಟೆಂಪ್ಲೇಟುಗಳಲ್ಲಿ ಎಡವಿ ಬೀಳುವ ಇನ್ನೊಂದು ಗುಂಡಿ ಇದೆ. ಒಂದೊಂದೇ ಅಕ್ಷರ ಹಾರಿ ಬಂದು ಕೂರುವ ಅನಿಮೇಷನ್ ಇಂಗ್ಲಿಷಿಗೆ ಸೊಗಸು. ಕನ್ನಡದಲ್ಲಿ ಮೂಲಾಕ್ಷರ ಮೊದಲು ಬಂದು, ಒತ್ತು ದಿಬ್ಬಣ ತಪ್ಪಿಸಿಕೊಂಡ ಬೀಗರಂತೆ ಆಮೇಲೆ ಓಡಿಬರುವುದುಂಟು. ಅಕ್ಷರದ ಬದಲು ಪದದ ಲೆಕ್ಕದಲ್ಲಿ ಚಲಿಸುವಂತೆ ಬದಲಿಸಿ. ಹೆಸರಿನ ಪಟ್ಟಿಯ ಕೆಳಗೆ ಮಾಸ್ಕ್ (ತನ್ನ ಆಚೆಗಿನದನ್ನು ಮರೆಮಾಡುವ ಚೌಕಟ್ಟು) ಇದ್ದರೆ ಅದನ್ನೂ ಇಳಿಸಿ. ಇಂಗ್ಲಿಷ್ ಅಳತೆಯಲ್ಲಿ ಕತ್ತರಿಸಿದ ಮಾಸ್ಕ್ ‘ರಾಷ್ಟ್ರ’ದ ಕೆಳಗಿನ ಎರಡೂ ಒತ್ತುಗಳ ಕಾಲು ಕಡಿಯುತ್ತದೆ.

ಡಾವಿಂಚಿ ರಿಸಾಲ್ವ್: ಪುಕ್ಕಟೆ ಸಿಂಹ, ಮೇವು ಹೆಚ್ಚು

ಬ್ಲ್ಯಾಕ್‌ಮ್ಯಾಜಿಕ್‌ನವರ ರಿಸಾಲ್ವ್ ಪುಕ್ಕಟೆ ಆವೃತ್ತಿ 3840×2160ರವರೆಗೆ, ಸೆಕೆಂಡಿಗೆ 60 ಫ್ರೇಮಿನವರೆಗೆ ಎಕ್ಸ್‌ಪೋರ್ಟ್ ಕೊಡುತ್ತದೆ, ತನ್ನ ಮುದ್ರೆ ಒತ್ತುವುದಿಲ್ಲ. ಸ್ಟುಡಿಯೋ ಆವೃತ್ತಿಗೆ 295 ಡಾಲರ್, ಒಂದೇ ಸಲ. ಮದುವೆ ಕೆಲಸಕ್ಕೆ ಪುಕ್ಕಟೆಯದೇ ಧಾರಾಳ.

ಇದರ ದೊಡ್ಡ ಗುಣವೆಂದರೆ ಟೈಮ್‌ಲೈನ್ ರೆಸಲ್ಯೂಷನ್ ಬದಲಿಸಿದಾಗ ಟೈಟಲನ್ನು ಹೊಸ ಅಳತೆಗೆ ಮತ್ತೆ ಬಿಡಿಸುತ್ತದೆ. 1080ರಲ್ಲಿ ಹಗುರಾಗಿ ಎಡಿಟ್ ಮಾಡಿ, ಎಕ್ಸ್‌ಪೋರ್ಟಿನ ಮುಂಚೆ 4ಕೆ ಮಾಡಿದರೆ ಅಕ್ಷರದ ಅಂಚು 4ಕೆಯದ್ದೇ ಆಗಿರುತ್ತದೆ. ಹಳೆ ಕಂಪ್ಯೂಟರಿನವರಿಗೆ ಇದು ವರ.

ಕನ್ನಡದ ವಿಷಯದಲ್ಲಿ ಮಾತ್ರ ಕಣ್ಣು ತೆರೆದಿರಲಿ. ಇದರಲ್ಲಿ ‘ಟೆಕ್ಸ್ಟ್’ ಮತ್ತು ‘ಟೆಕ್ಸ್ಟ್ ಪ್ಲಸ್’ ಎಂದು ಎರಡು ಟೈಟಲ್ ಬಗೆಗಳಿವೆ. ಚಂದದ ಅನಿಮೇಷನ್ ಎಲ್ಲಾ ಫ್ಯೂಷನ್ (ರಿಸಾಲ್ವ್ ಒಳಗಿನ ಎಫೆಕ್ಟ್ ವಿಭಾಗ) ಮೇಲೆ ನಿಂತ ಟೆಕ್ಸ್ಟ್ ಪ್ಲಸ್‌ನಲ್ಲಿ. ಹಳೆಯ ಆವೃತ್ತಿಗಳಲ್ಲಿ ಭಾರತದ ಲಿಪಿಗಳು ಒಡೆಯುತ್ತಿದ್ದದ್ದೂ ಅಲ್ಲೇ. ಯಲಬುರ್ಗಾ ಪರೀಕ್ಷೆಯನ್ನು ಎರಡರಲ್ಲೂ ಬೇರೆ ಬೇರೆ ಮಾಡಿ. ಟೆಕ್ಸ್ಟ್ ಪ್ಲಸ್ ಸೋತರೆ ಸಾದಾ ಟೆಕ್ಸ್ಟ್ ಬಳಸಿ. ಅದೂ ಒಪ್ಪದಿದ್ದರೆ ಹೆಸರನ್ನು ಬೇರೆ ಕಡೆ 3840 ಪಿಕ್ಸೆಲ್ ಅಗಲದಲ್ಲಿ ಪಾರದರ್ಶಕ ಪಿಎನ್‌ಜಿ ಚಿತ್ರ ಮಾಡಿ ತಂದು ಕೂರಿಸಿ. ಚಿತ್ರವಾಗಿ ಬಂದ ಅಕ್ಷರವನ್ನು ಯಾವ ಎಂಜಿನ್ನೂ ಒಡೆಯಲಾರದು. ತಪ್ಪು ಕಂಡಾಗ ಮತ್ತೆ ಹಿಂದಕ್ಕೆ ಹೋಗಿ ತಿದ್ದಿ ತರಬೇಕಾದ್ದೇ ಅದರ ದಂಡ.

ಮೇವಿನ ಮಾತು. 16 ಜಿಬಿ ಮೆಮೊರಿ ಬೇಕೇ ಬೇಕು, ಫ್ಯೂಷನ್ ಟೈಟಲ್ ಜಾಸ್ತಿ ಬಳಸಿದರೆ 32 ಇದ್ದರೆ ನೆಮ್ಮದಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ನೂರು ಟೆಕ್ಸ್ಟ್ ಪ್ಲಸ್ ಹೊತ್ತ ಟೈಮ್‌ಲೈನ್ ಎಕ್ಸ್‌ಪೋರ್ಟ್ ಹೊಡೆದರೆ ರಾಯಚೂರಿನ ಮೇ ತಿಂಗಳೇ ಆ ಲ್ಯಾಪ್‌ಟಾಪಿನೊಳಗೆ ಬಂದು ಕೂರುತ್ತದೆ. ಸಿಂಧನೂರಿನ ಹುಡುಗನಿಗೆ ನಾನು ಅಂದದ್ದು: ಪ್ರೀಮಿಯರಿನ ಒಂದು ವರ್ಷದ ಬಾಡಿಗೆಯನ್ನು ಮೆಮೊರಿಗೂ ಕಾರ್ಡಿಗೂ ಹಾಕು, ರಿಸಾಲ್ವ್ ಕಲಿ. ತೆಲುಗು, ಉರ್ದು ಕೆಲಸ ಕೈಗೆ ಬರತೊಡಗಿದ ದಿನ ಪ್ರೀಮಿಯರ್ ವಿಚಾರ ಮತ್ತೆ ತೆಗೆಯೋಣ.

ಕೆಡೆನ್‌ಲೈವ್: ಮೇಷ್ಟ್ರಿಗೆ

ಪೂರ್ತಿ ಉಚಿತ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ನಡೆಯುತ್ತದೆ, ಶಾಲೆಯ ಹಳೆ ಕಂಪ್ಯೂಟರಿಗೂ ಒಗ್ಗುತ್ತದೆ. ಇದರ ಟೈಟಲನ್ನು ಬಿಡಿಸುವುದು ಕ್ಯೂಟಿ ಎಂಬ ಸಿದ್ಧ ಕೋಡಿನ ಸಂಗ್ರಹ, ಅದರೊಳಗಿರುವುದು ಹಾರ್ಫ್‌ಬಜ್ ಎಂಬ ಜೋಡಣೆ ಎಂಜಿನ್. ಇದಕ್ಕೆ ಕನ್ನಡ ಗೊತ್ತು. ಯಾವ ಸೆಟ್ಟಿಂಗನ್ನೂ ಮುಟ್ಟದೆ ‘ಲಕ್ಷ್ಮೀ’ ಸರಿಯಾಗಿ ಬರುತ್ತಾಳೆ. ಲಕ್ಷ ಖರ್ಚಿನ ಸ್ಟುಡಿಯೋದಲ್ಲಿ ಒಡೆಯುವ ಹೆಸರು ಪುಕ್ಕಟೆಯದರಲ್ಲಿ ನೆಟ್ಟಗೆ ನಿಂತದ್ದು ನೋಡಿ ನನಗೇ ನಗು ಬಂತು.

ಕೊರತೆ ಇಲ್ಲದಿಲ್ಲ. ಟೈಟಲ್ ಕ್ಲಿಪ್ ಪ್ರಾಜೆಕ್ಟಿನ ಅಳತೆಗೆ ಚಿತ್ರವಾಗಿಬಿಡುತ್ತದೆ, ಮೇಲೆ ಟ್ರಾನ್ಸ್‌ಫಾರ್ಮ್ ಹಾಕಿ ಹಿಗ್ಗಿಸಿದರೆ ಮಸುಕಾಗುತ್ತದೆ. ಹಾಗಾಗಿ ಯಾವ ಅಳತೆಯಲ್ಲಿ ಎಕ್ಸ್‌ಪೋರ್ಟ್ ಬೇಕೋ ಪ್ರಾಜೆಕ್ಟನ್ನು ಅದೇ ಅಳತೆಯಲ್ಲಿ ಶುರು ಮಾಡಿ. ರೆಂಡರ್ ಕಿಟಕಿಯಲ್ಲಿ ಪ್ರಾಕ್ಸಿ (ಎಡಿಟಿಂಗ್ ಹಗುರಾಗಲು ಮಾಡಿಕೊಂಡ ಕಡಿಮೆ ಗುಣಮಟ್ಟದ ನಕಲು) ಬಳಸುವ ಗುರುತು ತೆಗೆದಿದೆಯೇ ಎಂದೂ ನೋಡಿಕೊಳ್ಳಿ. ಇಲ್ಲವಾದರೆ ಟೈಟಲ್ ಚೂಪಾಗಿದ್ದು ಹಿಂದಿನ ಮಕ್ಕಳೇ ಮಸುಕಾಗುತ್ತಾರೆ.

ಮೊಬೈಲಿನ ಕೈನ್‌ಮಾಸ್ಟರ್ ರೀಲ್ಸ್‌ಗೆ ಸರಿ. ಪುಕ್ಕಟೆಯಲ್ಲಿ ಮೂಲೆಗೆ ಅದರ ಮುದ್ರೆ ಬರುತ್ತದೆ. ಮ್ಯಾಕ್ ಇದ್ದವರು ಫೈನಲ್ ಕಟ್‌ಗೆ ಹೋಗಿ, ಮ್ಯಾಕಿನಲ್ಲಿ ಕನ್ನಡ ಫಾಂಟುಗಳು ಮೊದಲಿಂದಲೇ ಇರುತ್ತವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಎಂಬ ನಮ್ಮ ಮೂರು ಜಿಲ್ಲೆಯಲ್ಲಿ ಮ್ಯಾಕ್ ಇಟ್ಟ ಮಿಕ್ಸಿಂಗ್‌ನವರನ್ನು ನಾನು ನೋಡಿರುವುದೇ ಕಡಿಮೆ, ಅದಕ್ಕೇ ಹೆಚ್ಚು ಎಳೆಯುವುದಿಲ್ಲ.

ಸಾಫ್ಟ್‌ವೇರಿನ ತಪ್ಪಲ್ಲದ ಮಸುಕು

ಅರ್ಧ ದೂರುಗಳಿಗೆ ಸಾಫ್ಟ್‌ವೇರ್ ಬದಲಿಸಿ ಪ್ರಯೋಜನವಿಲ್ಲ. ನಾವು ಕೊಡುವ ಎಚ್.264 ಫೈಲುಗಳು ಸಾಮಾನ್ಯವಾಗಿ 4:2:0 ಎಂಬ ಕ್ರಮದಲ್ಲಿರುತ್ತವೆ. ಹೊಳಪಿನ ಮಾಹಿತಿ ಪ್ರತಿ ಪಿಕ್ಸೆಲ್ಲಿಗೂ ಇರುತ್ತದೆ, ಬಣ್ಣದ್ದು ನಾಲ್ಕು ಪಿಕ್ಸೆಲ್ಲಿಗೆ ಒಂದು. ಆದ್ದರಿಂದ ಅಕ್ಷರದ ಅಂಚು ಬಣ್ಣದಿಂದಲ್ಲ, ಹೊಳಪಿನ ವ್ಯತ್ಯಾಸದಿಂದ ನಿಲ್ಲಬೇಕು. ಎಚ್‌ಡಿ ವಿಡಿಯೊದ ಲೆಕ್ಕದಲ್ಲಿ ಹೊಳಪಿಗೆ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು ಬರೀ 7%. ಹಳದಿ ಎಂದರೆ ಕೆಂಪು ಹಸಿರು ಕೂಡಿದ್ದು, ಅಂದರೆ 93%. ನಮ್ಮ ಬಾವುಟದ ಅರಿಶಿನ ಅಕ್ಷರವನ್ನು ಕುಂಕುಮದ ಹಿನ್ನೆಲೆಯ ಮೇಲೆ ಇಟ್ಟರೆ 93 ಮತ್ತು 21, ಅಂಚು ಗಟ್ಟಿ. ಅದೇ ಕೆಂಪು ಅಕ್ಷರವನ್ನು ಕಡುನೀಲಿ ಪರದೆ ಮೇಲೆ ಇಟ್ಟರೆ 21ಕ್ಕೂ 7ಕ್ಕೂ ಏನು ಅಂತರ? ಲಕ್ಷ ಕೊಟ್ಟ ಸಾಫ್ಟ್‌ವೇರಿನಲ್ಲೂ ಅದು ಹರಡುತ್ತದೆ. ಪಾರ್ಟಿಯವರು ಕೆಂಪೇ ಬೇಕೆಂದರೆ ಸುತ್ತ ಬಿಳಿ ಗೆರೆ ಕೊಟ್ಟು ಕೈ ತೊಳೆದುಕೊಳ್ಳಿ.

ಇನ್ನೊಂದು ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಮಾಹಿತಿ ಎನ್ನುವುದು. ಯೂಟ್ಯೂಬ್ 1080, ಸೆಕೆಂಡಿಗೆ 30 ಫ್ರೇಮಿಗೆ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಸೂಚಿಸುತ್ತದೆ. ಈ ಲೆಕ್ಕದಲ್ಲಿ ಒಂದು ತಾಸಿಗೆ ಸುಮಾರು 3.6 ಜಿಬಿ. ಎಫ್‌ಎಟಿ32 ಎಂಬ ಹಳೆಯ ಕ್ರಮದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ 4 ಜಿಬಿ ಮೀರಿದ ಫೈಲನ್ನು ಒಪ್ಪುವುದಿಲ್ಲ. ಹೀಗಾಗಿ ಎರಡು ತಾಸಿನ ಮದುವೆಯನ್ನು ಒಂದೇ ಫೈಲಿನಲ್ಲಿ ತುರುಕಲು ಬಿಟ್‌ರೇಟ್ ಇಳಿಸುತ್ತಾರೆ, ಮೊದಲು ಸಾಯುವುದು ಸಣ್ಣ ಅಕ್ಷರ. ಬಿಟ್‌ರೇಟ್ ಇಳಿಸುವ ಬದಲು ಮೂರು ಭಾಗ ಮಾಡಿ ಕೊಡಿ: ಅರಿಶಿನ, ಅಕ್ಷತೆ, ಆರತಕ್ಷತೆ.

ಕೊನೆಯಲ್ಲಿ ಮೇಲಕ್ಕೆ ಉರುಳುವ ಹೆಸರುಗಳು ನಡುಗುತ್ತಿದ್ದರೆ ವೇಗವನ್ನು ಪ್ರತಿ ಫ್ರೇಮಿಗೆ ಇಡೀ ಪಿಕ್ಸೆಲ್ ಲೆಕ್ಕಕ್ಕೆ ತನ್ನಿ. ಸೆಕೆಂಡಿಗೆ 25 ಫ್ರೇಮಿನಲ್ಲಿ ಫ್ರೇಮಿಗೆ 4 ಪಿಕ್ಸೆಲ್ ಎಂದರೆ ಸೆಕೆಂಡಿಗೆ 100. 3.7 ಎಂದು ಬಿಟ್ಟರೆ ಅಂಚು ಒಮ್ಮೆ ಚೂಪು, ಒಮ್ಮೆ ಮೆತ್ತಗೆ.

ಜಾತ್ರೆಯ ಎಲ್‌ಇಡಿ ಗೋಡೆಗೆ ಕೆಲಸ ಬಂದರೆ ಲೆಕ್ಕವೇ ಬೇರೆ. ಕೊಪ್ಪಳದ ಗವಿಮಠದ ಜಾತ್ರೆಯಂಥ ಜನಸಾಗರದಲ್ಲಿ ಪರದೆ ದೊಡ್ಡದಾಗಿ ಕಾಣುತ್ತದೆ, ಆದರೆ ಪಿಕ್ಸೆಲ್ ಕಡಿಮೆ. 3.91 ಮಿಲಿಮೀಟರ್ ಅಂತರದ ಅರ್ಧ ಮೀಟರ್ ಹಲಗೆಯಲ್ಲಿ 128 ಪಿಕ್ಸೆಲ್. 4 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಡೆ ಎಂದರೆ 1024×512, ಅಷ್ಟೇ. 1080ರಲ್ಲಿ ಮಾಡಿದ ತೆಳು ಅಕ್ಷರ ಅಲ್ಲಿಗೆ ಹೋಗುವಷ್ಟರಲ್ಲಿ ಒತ್ತುಗಳು ಚುಕ್ಕೆಯಾಗಿರುತ್ತವೆ. ಎಲ್‌ಇಡಿಯವರಿಂದ ಅಳತೆ ಕೇಳಿ, ಅದೇ ಅಳತೆಯ ಟೈಮ್‌ಲೈನ್ ಮಾಡಿ, ದಪ್ಪ ಫಾಂಟ್ ಹಾಕಿ.

ಸಿರುಗುಪ್ಪದ ಹಿರಿಯರು ಎಡಿಯಸ್ ಬಿಡಲಿಲ್ಲ, ನಾನೂ ಬಿಡಿ ಎನ್ನಲಿಲ್ಲ. ಕೈ ಕೂತ ಸಾಫ್ಟ್‌ವೇರಿನ ವೇಗವನ್ನು ಹೊಸದು ಎರಡು ಸೀಸನ್ ಕೊಡಲಾರದು. ಈಗ ಅವರ ಹುಡುಗ ಹೆಸರುಗಳನ್ನು ಕೆಡೆನ್‌ಲೈವ್‌ನಲ್ಲಿ ಯೂನಿಕೋಡಿನಿಂದಲೇ ಹಾಕಿ ಫ್ರೇಮನ್ನು ಪಿಎನ್‌ಜಿಯಾಗಿ ತೆಗೆಯುತ್ತಾನೆ, ಅವರು ಎಡಿಯಸ್‌ನಲ್ಲಿ ಕೂರಿಸುತ್ತಾರೆ. ವಾಟ್ಸಾಪಿನಲ್ಲಿ ಬಂದ ಪಟ್ಟಿಯನ್ನು ಯಾರೂ ಮತ್ತೆ ಟೈಪ್ ಮಾಡುವುದಿಲ್ಲ. ಮೊನ್ನೆ ಫೋನ್ ಮಾಡಿದ್ದರು. ಸೋದರಮಾವನ ಹೆಸರು ತಪ್ಪಿತ್ತಂತೆ, ಆದರೆ ಪಾರ್ಟಿಯವರು ಕಳಿಸಿದ ಪಟ್ಟಿಯಲ್ಲೇ ತಪ್ಪಿತ್ತಂತೆ.